ಮಾರುವವನ ಮಾತು



ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯ ಕಾಲದಲ್ಲಿ, ಎಂದರೆ ಇಂದಿಗೆ ಒಂಬತ್ತು ಶತಮಾನಗಳ ಹಿಂದೆ, ವಿಜ್ಞಾನೇಶ್ವರನೆಂಬ ಧರ್ಮಶಾಸ್ತ್ರಜ್ಞನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನೆಂಬುದನ್ನು ತಾವು ಕೇಳಿಯೇ ಇರುತ್ತೀರಿ. ಈತನು ನಮ್ಮ ಕಲಬುರಗಿ ಜಿಲ್ಲೆಯ ಮರ್ತೂರಿನವನೆಂಬ ಪ್ರತೀತಿಯೂ ಉಂಟು. ಆಸ್ತಿಯ ಪಾಲುಪಾರಿಕತ್ತಿನ ವ್ಯಾಜ್ಯಗಳಲ್ಲಿ ವಕೀಲರು ಈ ಗ್ರಂಥದ ಹೆಸರನ್ನು ಎತ್ತುವುದು ವಾಡಿಕೆಯಾಗಿರುವುದರಿಂದ, ಅದು ದಾಯಭಾಗಕ್ಕೆ ಮಾತ್ರ ಸಂಬಂಧಿಸಿದ ಗ್ರಂಥವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಅದರ ವ್ಯವಹಾರಾಧ್ಯಾಯವನ್ನು ತೆರೆದು ನೋಡಿದವರಿಗೆ, ಸಂತೆಯಲ್ಲಿ ಕೊಳ್ಳುವವನಿಗೂ ಮಾರುವವನಿಗೂ ನಡುವೆ ಏಳುವ ತಕರಾರುಗಳನ್ನು ಕುರಿತ ಸೂಕ್ಷ್ಮವಾದ ವಿಧಿಗಳು ಅಲ್ಲಿ ಕಾಣಸಿಗುತ್ತವೆ. ಕೊಂಡ ವಸ್ತುವನ್ನು ಪರೀಕ್ಷಿಸಿ, ಒಪ್ಪದಿದ್ದರೆ ಹಿಂದಿರುಗಿಸಲು ಸ್ಮೃತಿಕಾರನು ಗಡುವುಗಳನ್ನು ಗೊತ್ತುಮಾಡಿದ್ದಾನೆ: ಕಬ್ಬಿಣಕ್ಕೆ ಒಂದು ದಿನ, ಹಯನಿನ ಪಶುವಿಗೆ ಮೂರು ದಿನ, ಭಾರ ಹೊರುವ ಎತ್ತಿಗೆ ಐದು ದಿನ, ರತ್ನಕ್ಕೆ ಏಳು ದಿನ, ಬಿತ್ತನೆಯ ಬೀಜಕ್ಕೆ ಹತ್ತು ದಿನ. ಅದೇ ಪಟ್ಟಿಯಲ್ಲಿ ದಾಸದಾಸಿಯರನ್ನೂ ಸೇರಿಸಿರುವುದು ಆ ಕಾಲಕ್ಕೆ ಅಂಟಿದ ಕಳಂಕ. ಅದನ್ನು ಮುಚ್ಚಿಡಬೇಕಾದ ಕಾರಣವಿಲ್ಲ. ಆದರೆ ಬೀಜಕ್ಕೆ ಹತ್ತು ದಿನವೆಂದವನು ಹೊಲವನ್ನು ಬಲ್ಲವನೆಂಬುದರಲ್ಲಿ ನನಗೆ ಸಂದೇಹವಿಲ್ಲ. ಬೀಜವು ಮೊಳೆಯುವುದೋ ಇಲ್ಲವೋ ಎಂಬುದು ತಿಳಿಯುವುದಕ್ಕೆ ಹಸಿ ನೆಲದಲ್ಲಿ ಅಷ್ಟು ದಿನಗಳು ಬೇಕು, ಅಷ್ಟೇ ಸಾಕು.

ದೋಷವುಳ್ಳ ಸರಕನ್ನು ನಿರ್ದೋಷವೆಂದು ಹೇಳಿ ಮಾರಿದವನು ಬೆಲೆಯ ಎರಡರಷ್ಟನ್ನು ದಂಡವಾಗಿ ತೆರತಕ್ಕದ್ದೆಂದೂ, ಔಷಧ, ಎಣ್ಣೆ, ಉಪ್ಪು, ಧಾನ್ಯ, ಬೆಲ್ಲ ಮೊದಲಾದವುಗಳಲ್ಲಿ ಹೀನವಸ್ತುವನ್ನು ಬೆರೆಸಿದವನಿಗೆ ಹದಿನಾರು ಪಣಗಳ ದಂಡವೆಂದೂ ಅದೇ ಸ್ಮೃತಿಯು ವಿಧಿಸುತ್ತದೆ. ಇಲ್ಲಿ ಗಮನಿಸಬೇಕಾದ ಅಂಶ ಒಂದುಂಟು. ಬೆರಕೆ ಮಾಡಿದವನ ಅಪರಾಧವು ಸರಕಿನಲ್ಲಿದೆ. ದೋಷವನ್ನು ಮರೆಮಾಚಿ ಮಾರಿದವನ ಅಪರಾಧವಾದರೋ ಮಾತಿನಲ್ಲಿದೆ. ಸರಕು ಹೇಗೋ ಹಾಗೆಯೇ ಸರಕಿನ ಬಗ್ಗೆ ಆಡಿದ ಮಾತೂ ಮಾರಾಟದ ಒಂದು ಭಾಗವೆಂದೂ, ಅದಕ್ಕೂ ತೂಕ ಅಳತೆಗಳುಂಟೆಂದೂ ನಮ್ಮ ಹಿಂದಿನವರು ಅರಿತಿದ್ದರು. ಈ ಹೊತ್ತು ನಾನು ತಮ್ಮ ಮುಂದೆ ವಿಚಾರಿಸಹೊರಟಿರುವುದು ಮುಖ್ಯವಾಗಿ ಈ ಮಾತಿನ ಸಂಗತಿಯನ್ನೇ.

ಆಂಗ್ಲರ ನ್ಯಾಯಪದ್ಧತಿಯಲ್ಲಿ ಬಹುಕಾಲ ನಡೆದುಬಂದ ಸೂತ್ರ ಬೇರೆ. ಕೊಳ್ಳುವವನೇ ಎಚ್ಚರದಿಂದಿರಲಿ, ಕಣ್ಣಿದ್ದೂ ಕುರುಡನಾದರೆ ಮಾರಿದವನ ತಪ್ಪೇನು ಎಂಬುದು ಅದರ ತಾತ್ಪರ್ಯ. 1930ರ ಸರಕು ಮಾರಾಟ ಅಧಿನಿಯಮದ 16ನೆಯ ಪ್ರಕರಣದಲ್ಲಿ ಈ ಸೂತ್ರವು ಭಾರತಕ್ಕೂ ಬಂತು. ಆದರೆ ಬರುವಾಗಲೇ, ತನ್ನ ಉದ್ದೇಶವನ್ನು ತಿಳಿಸಿ ಮಾರುವವನ ತಿಳಿವಳಿಕೆಯನ್ನು ನಂಬಿ ಕೊಂಡವನಿಗೆ ಈ ಸೂತ್ರವು ಅನ್ವಯಿಸದೆಂಬ ವಿನಾಯಿತಿಯನ್ನು ಕಟ್ಟಿಕೊಂಡೇ ಬಂತು. ಅದಕ್ಕೂ ಮೊದಲೇ, 1892ರಲ್ಲಿ, ಲಂಡನ್ನಿನ ಮೇಲ್ಮನವಿ ನ್ಯಾಯಾಲಯವು ಒಂದು ಸ್ವಾರಸ್ಯವಾದ ಮೊಕದ್ದಮೆಯನ್ನು ತೀರ್ಮಾನಿಸಿತ್ತು. ಕಾರ್ಬಾಲಿಕ್ ಹೊಗೆಯುಂಡೆ ಎಂಬ ಔಷಧವನ್ನು ಮಾರುತ್ತಿದ್ದ ಕಂಪನಿಯೊಂದು, ತನ್ನ ಉಂಡೆಯನ್ನು ದಿನಕ್ಕೆ ಮೂರಾವರ್ತಿಯಂತೆ ಎರಡು ವಾರ ಬಳಸಿಯೂ ಶೀತಜ್ವರಕ್ಕೆ ತುತ್ತಾದವರಿಗೆ 100 ಪೌಂಡು ಕೊಡುವುದಾಗಿ ಪತ್ರಿಕೆಗಳಲ್ಲಿ ಜಾಹೀರು ಮಾಡಿ, ನಂಬಿಕೆ ಹುಟ್ಟಲೆಂದು 1000 ಪೌಂಡನ್ನು ಬ್ಯಾಂಕಿನಲ್ಲಿ ಇಟ್ಟಿರುವುದಾಗಿಯೂ ಸಾರಿತ್ತು. ಕಾರ್ಲಿಲ್ ಎಂಬ ಗೃಹಿಣಿಯು ಹೇಳಿದಂತೆಯೇ ಬಳಸಿದಳು, ಜ್ವರವೂ ಬಂತು, ಹಣವನ್ನು ಕೇಳಿದಳು. ಅದು ಬರಿಯ ವ್ಯಾಪಾರದ ಬಡಾಯಿ, ಯಾರೂ ನಿಜವೆಂದು ನಂಬತಕ್ಕದ್ದಲ್ಲ ಎಂದು ಕಂಪನಿಯು ವಾದಿಸಿತು. ಬ್ಯಾಂಕಿನಲ್ಲಿ ಹಣವಿಟ್ಟು ಆಡಿದ ಮಾತು ಬಡಾಯಿಯಾಗಲಾರದು, ಅದು ವಾಗ್ದಾನ ಎಂದು ನ್ಯಾಯಮೂರ್ತಿಗಳು ಹೇಳಿದರು. ಹೊಗಳಿಕೆಗೂ ವಾಗ್ದಾನಕ್ಕೂ ನಡುವೆ ಅಂದು ಎಳೆದ ಗೆರೆ ಇಂದಿಗೂ ಅಳಿಸಿಲ್ಲ. ‘ನಮ್ಮ ಬೀಜ ಬಲು ಚಲೋ’ ಎಂಬುದು ಹೊಗಳಿಕೆ. ಅದನ್ನು ಕೇಳಿ ನಕ್ಕು ಮುಂದೆ ಹೋಗಬಹುದು. ಮಳೆಯನ್ನೇ ನಂಬಿದ ಎರೆಭೂಮಿಯಲ್ಲಿ ಎಕರೆಗೆ ಐದಾರು ಕ್ವಿಂಟಲ್ ತೊಗರಿ ಬಂದರೆ ಸುಗ್ಗಿಯೆನ್ನುವ ಸೀಮೆಯಲ್ಲಿ ‘ಎಕರೆಗೆ ಹದಿನೈದು ಕ್ವಿಂಟಲ್, ನೆಟೆ ರೋಗ ಬರಲಿಕ್ಕೇ ಸಾಧ್ಯವಿಲ್ಲ’ ಎಂದು ಭಿತ್ತಿಪತ್ರದಲ್ಲಿ ಅಚ್ಚುಹಾಕಿಸುವುದು ವಾಗ್ದಾನ; ಅದಕ್ಕೆ ಉತ್ತರ ಹೇಳಬೇಕಾಗುತ್ತದೆ.

ಆಳಂದ, ಅಫಜಲಪುರ, ಜೇವರ್ಗಿಗಳ ರೈತನು ಈ ನಾಡಿನ ಇತರ ಬಳಕೆದಾರರಿಗಿಂತ ಹೆಚ್ಚು ಅಪಾಯಕ್ಕೆ ಒಡ್ಡಿಕೊಂಡವನೆಂದು ನಾನು ಭಾವಿಸುತ್ತೇನೆ. ಪೇಟೆಯ ಗೃಹಸ್ಥನು ಸೀರೆಯನ್ನು ಹಿಂಜಿ ನೋಡಿ, ಅಕ್ಕಿಯನ್ನು ಅಂಗೈಯಲ್ಲಿ ಉಜ್ಜಿ ನೋಡಿ, ಕೊಡವನ್ನು ತಟ್ಟಿ ನೋಡಿ ಕೊಳ್ಳುತ್ತಾನೆ. ರೈತನು ಕೊಳ್ಳುವ ಬೀಜವಾಗಲಿ ಕೀಟನಾಶಕವಾಗಲಿ ಹೊರನೋಟಕ್ಕೆ ತನ್ನ ಗುಣವನ್ನು ತೋರುವುದಿಲ್ಲ. ಜೂನ್ ತಿಂಗಳ ಮೃಗಶಿರಾ ಮಳೆಗೆ ಕೊಂಡ ಚೀಲದ ಸತ್ಯಾಸತ್ಯತೆ ಮಾರ್ಗಶಿರದಲ್ಲಿ, ಗಿಡವು ಹೂವಾಗಿ ಕಾಯಿಕಟ್ಟುವ ವೇಳೆಗೆ ಬಯಲಾಗುತ್ತದೆ. ಅಷ್ಟರಲ್ಲಿ ಆ ವರ್ಷವೇ ಕೈಬಿಟ್ಟು ಹೋಗಿರುತ್ತದೆ. ಹೀಗಿರುವುದರಿಂದ ಅವನು ಕೊಳ್ಳುವುದು ವಸ್ತುವನ್ನಲ್ಲ, ವಸ್ತುವಿನ ಬಗೆಗಿನ ಮಾತನ್ನು. ಆ ಮಾತಿನಲ್ಲಿ ಒಂದು ಪಾಲು ಚೀಲದ ಮೇಲೆ ಅಚ್ಚಾಗಿರುತ್ತದೆ, ಮತ್ತೊಂದು ಪಾಲು ಅಂಗಡಿಕಾರನ ಬಾಯಲ್ಲಿರುತ್ತದೆ.

ಮೊದಲು ಅಚ್ಚಾದ ಮಾತನ್ನೇ ನೋಡೋಣ. 1966ರ ಬೀಜ ಅಧಿನಿಯಮದ ಪ್ರಕಾರ ಬೀಜದ ಚೀಲಕ್ಕೆ ಹೊಲಿದ ಚೀಟಿಯ ಬಣ್ಣವೇ ಒಂದು ಭಾಷೆ. ನೀಲಿ ಚೀಟಿಯಿದ್ದರೆ ಅದು ಪ್ರಮಾಣೀಕರಣ ಸಂಸ್ಥೆಯು ಹೊಲದಲ್ಲಿಯೂ ಪ್ರಯೋಗಾಲಯದಲ್ಲಿಯೂ ಪರೀಕ್ಷಿಸಿ ಒಪ್ಪಿದ ಪ್ರಮಾಣಿತ ಬೀಜ. ತಿಳಿಹಸುರು ಚೀಟಿಯಿದ್ದರೆ ಅದು ಉತ್ಪಾದಕನು ತನ್ನ ಹೊಣೆಯ ಮೇಲೆ ತಾನೇ ನಿಜವೆಂದು ಹೇಳಿಕೊಂಡ ಬೀಜ. ಎರಡನೆಯದು ಕೀಳೆಂದು ನನ್ನ ಅಭಿಪ್ರಾಯವಲ್ಲ, ಆದರೆ ಅಲ್ಲಿ ಸಾಕ್ಷಿ ಹೇಳುವವನೂ ಮಾರುವವನೂ ಒಬ್ಬನೇ ಎಂಬುದನ್ನು ಮರೆಯಲಾಗದು. ತಳಿಯ ಹೆಸರು, ಲಾಟಿನ ಸಂಖ್ಯೆ, ಪರೀಕ್ಷೆಯಾದ ದಿನಾಂಕ, ಮೊಳಕೆಯ ಪ್ರತಿಶತ, ಇವಿಷ್ಟೂ ಚೀಟಿಯಲ್ಲಿ ಇರತಕ್ಕವು. ಪ್ರಮಾಣಿತ ತೊಗರಿ ಬೀಜದಲ್ಲಿ ನೂರಕ್ಕೆ ಕನಿಷ್ಠ 75 ಕಾಳುಗಳಾದರೂ ಮೊಳೆಯತಕ್ಕದ್ದು, ತೂಕದಲ್ಲಿ ಶುದ್ಧ ಬೀಜವು ನೂರಕ್ಕೆ 98ರಷ್ಟಾದರೂ ಇರತಕ್ಕದ್ದು. ನೂರು ಕಾಳುಗಳನ್ನು ಎಣಿಸಿ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟು ವಾರದ ಮೇಲೆ ಬಿಚ್ಚಿ ನೋಡುವ ನಮ್ಮ ಹಿರಿಯರ ಪರೀಕ್ಷೆಗೂ ಈ ಅಂಕಿಗೂ ತಾಳೆ ನೋಡಬಹುದು. ಯಾಜ್ಞವಲ್ಕ್ಯನ ಹತ್ತು ದಿನಗಳ ಒಳಗೇ ಅದು ಮುಗಿಯುತ್ತದೆ.

ಕೀಟನಾಶಕದ ಡಬ್ಬಿಯ ಮೇಲೆ, ನಮ್ಮ ಜನರ ಬಾಯಲ್ಲಿ ಹೇಳುವುದಾದರೆ ‘ಎಣ್ಣಿ’ಯ ಡಬ್ಬಿಯ ಮೇಲೆ, ವಜ್ರಾಕಾರವಾಗಿ ಓರೆಯಾಗಿ ನಿಂತ ಚೌಕವೊಂದಿರುತ್ತದೆ. ಅದರ ಕೆಳಗಿನ ತ್ರಿಕೋಣವು ಕೆಂಪಾಗಿದ್ದರೆ ಅತ್ಯಂತ ವಿಷಕರ, ಹಳದಿಯಾದರೆ ಅದಕ್ಕಿಂತ ಒಂದು ಮೆಟ್ಟಿಲು ಕಡಿಮೆ, ನೀಲಿಯಾದರೆ ಮತ್ತೂ ಕಡಿಮೆ, ಹಸುರಾದರೆ ಎಲ್ಲಕ್ಕಿಂತ ಕಡಿಮೆ. 1971ರ ಕೀಟನಾಶಕ ನಿಯಮಗಳು ಅಕ್ಷರ ಬಾರದವನಿಗಾಗಿಯೇ ಮಾಡಿಟ್ಟ ಈ ವರ್ಣಮಾಲೆಯನ್ನು ಅಕ್ಷರ ಬಲ್ಲ ಎಷ್ಟೋ ಮಂದಿ ಓದಲಾರರು. ಡಬ್ಬಿಯೊಡನೆ ಪ್ರಾದೇಶಿಕ ಭಾಷೆಯಲ್ಲಿಯೂ ಸೂಚನೆಗಳುಳ್ಳ ಚೀಟಿಯನ್ನು ಇಡಬೇಕೆಂಬ ನಿಯಮವೂ ಉಂಟು, ಇಡುತ್ತಾರೆ, ಇಲ್ಲವೆಂದಲ್ಲ. ತಾಯಿತದೊಳಗಿನ ಯಂತ್ರದಂತೆ ಮಡಿಚಿ ಮಡಿಚಿ ಇಟ್ಟ ಆ ಕಾಗದವನ್ನು ಬಿಡಿಸಿದರೆ, ಹತ್ತಾರು ಭಾಷೆಗಳ ನಡುವೆ ಕನ್ನಡದ ಅಕ್ಷರಗಳು ಸಾಸುವೆಗಿಂತ ಸಣ್ಣದಾಗಿ, ಎಂಥ ಹಗಲಿನಲ್ಲಿಯೂ ಕಣ್ಣಿಗೆ ಹತ್ತದಂತೆ ಅಡಗಿರುತ್ತವೆ. ಇದು ವಿಧಿಯ ಅಕ್ಷರವನ್ನು ಪಾಲಿಸಿ ಅದರ ಆಶಯವನ್ನು ಕೊಲ್ಲುವ ಕಲೆ. ಮಹಾರಾಷ್ಟ್ರಕ್ಕೆ ಹೊಂದಿದ ಆಳಂದದ ಗಡಿಯಲ್ಲಿ, ಉಮರ್ಗಾ ಅಕ್ಕಲಕೋಟೆಗಳ ಪೇಟೆಯಿಂದ ಸರಕು ತರುವ ಹಳ್ಳಿಗಳಲ್ಲಿ, ಕನ್ನಡದ ಸುಳಿವೇ ಇಲ್ಲದ ಪೊಟ್ಟಣಗಳೂ ಬರುತ್ತವೆ. ಪೊಟ್ಟಣದ ಮೇಲಿನ ಘೋಷಣೆಗಳು ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇದ್ದರೆ ಸಾಕೆಂದು ಕೇಂದ್ರದ ಅಳತೆ ತೂಕದ ನಿಯಮಗಳು ಒಪ್ಪುತ್ತವಾದ್ದರಿಂದ ಅದನ್ನು ಕಾಯಿದೆಯ ಉಲ್ಲಂಘನೆಯೆನ್ನಲು ಬಾರದು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮವು ಈ ರಾಜ್ಯದಲ್ಲಿ ತಯಾರಾಗಿ ಇಲ್ಲಿಯೇ ಮಾರಾಟವಾಗುವ ಸರಕಿನ ಹೆಸರೂ ಬಳಕೆಯ ಸೂಚನೆಗಳೂ ಕನ್ನಡದಲ್ಲಿಯೂ ಇರಬೇಕೆಂದು ಕಟ್ಟುಮಾಡಿರುವುದು ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿದೆ. ವಿಷದ ಡಬ್ಬಿಯ ವಿಷಯದಲ್ಲಿಯಾದರೂ ಅಕ್ಷರಗಳ ಗಾತ್ರವನ್ನು ಕಾಣುವಂತೆ ಮಾಡಿಸುವುದು ಕನ್ನಡದ ಅಭಿಮಾನಕ್ಕಿಂತ ಮಿಗಿಲಾದ, ಪ್ರಾಣಕ್ಕೆ ಸಂಬಂಧಿಸಿದ ಕಾರ್ಯ.

ಇನ್ನು ಬಾಯಿಮಾತು. ಕಿಣ್ಣಿ ಸುಲ್ತಾನದಂಥ ಹಳ್ಳಿಯಿಂದ ಆಳಂದದ ಪೇಟೆಗೆ ಬಂದ ರೈತನು ಗೊಬ್ಬರದ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಕೇಳುವ ಪ್ರಶ್ನೆಯನ್ನು ತಾವೆಲ್ಲರೂ ಕೇಳಿದ್ದೀರಿ.

“ಸಾವ್ಕಾರ್ರೇ, ತೊಗರಿಗಿ ಕೀಡಿ ಬಿದ್ದಾವ್ರಿ. ಯಾವ ಎಣ್ಣಿ ಹೊಡೀಬೇಕ್ರಿ?”

“ಇದ ಒಯ್ರಿ ಕಾಕಾ. ಇದರ ಜೋಡಿ ಈ ಟಾನಿಕ್ಕೂ ಹಾಕ್ರಿ, ಹೂವು ಉದರಂಗಿಲ್ಲ. ರೊಕ್ಕಾ ರಾಶಿ ಆದಮ್ಯಾಲ ಕೊಡ್ರಿ.”

ಈ ಎರಡು ಮಾತುಗಳೊಳಗೆ ನಮ್ಮ ಸೀಮೆಯ ವ್ಯಾಪಾರಧರ್ಮದ ಸಮಸ್ಯೆಯೆಲ್ಲವೂ ಅಡಕವಾಗಿದೆ. ಇಲ್ಲಿ ಅಂಗಡಿಕಾರನು ಮಾರುವವನಷ್ಟೇ ಅಲ್ಲ; ರೋಗವನ್ನು ನಿದಾನಿಸುವ ವೈದ್ಯನೂ ಅವನೇ, ಔಷಧವನ್ನು ಆರಿಸುವವನೂ ಅವನೇ, ಉದ್ರಿ ಕೊಟ್ಟು ಸಾಲಿಗನಾಗುವವನೂ ಅವನೇ. ಸಾಲದಲ್ಲಿ ಕೊಳ್ಳುವವನು ಬೇರೆ ಅಂಗಡಿಗೆ ಹೋಗಲಾರ, ಬೆಲೆಯನ್ನು ಪ್ರಶ್ನಿಸಲಾರ, ಪಾವತಿಯನ್ನು ಕೇಳಲಾರ. ಕೇಳಿದರೂ ಕೈಗೆ ಬರುವುದು ಲೆಟರ್‌ಹೆಡ್ಡೂ ಲಾಟಿನ ಸಂಖ್ಯೆಯೂ ಇಲ್ಲದ ಕಚ್ಚಾ ಚೀಟಿ. ರಾಶಿಯಾದ ಮೇಲೆ ಮೊತ್ತವನ್ನು ಕೂಡುವವನೂ ಅದೇ ಅಂಗಡಿಕಾರನಾದ್ದರಿಂದ, ಹೂವು ಉದುರಿತೋ ಉಳಿಯಿತೋ ಎಂಬ ಲೆಕ್ಕವನ್ನು ಕೇಳುವವರೇ ಇರುವುದಿಲ್ಲ.

ಕಾಯಿದೆ ಇಲ್ಲಿ ಮೌನವಾಗಿಲ್ಲ. 1983ರ ಬೀಜ ನಿಯಂತ್ರಣ ಆಜ್ಞೆ, 1985ರ ರಸಗೊಬ್ಬರ ನಿಯಂತ್ರಣ ಆಜ್ಞೆ, ಕೀಟನಾಶಕ ನಿಯಮಗಳು, ಈ ಮೂರೂ ನಗದಾಗಲಿ ಉದ್ರಿಯಾಗಲಿ ಕೊಂಡವನಿಗೆ ಬಿಲ್ಲನ್ನು ಕೊಡತಕ್ಕದ್ದೆಂದು ಒಕ್ಕೊರಲಿನಿಂದ ಹೇಳುತ್ತವೆ. ದಾಸ್ತಾನನ್ನೂ ದರವನ್ನೂ ಅಂಗಡಿಯ ಮುಂದೆ ಫಲಕದಲ್ಲಿ ಬರೆದಿಡಬೇಕೆಂಬ ವಿಧಿ ಬೀಜಕ್ಕೂ ಗೊಬ್ಬರಕ್ಕೂ ಉಂಟು. 45 ಕಿಲೋ ಯೂರಿಯಾ ಚೀಲದ ಮೇಲೆ 266 ರೂಪಾಯಿ 50 ಪೈಸೆಯೆಂದು ಅಚ್ಚಾಗಿರುವುದನ್ನು ಕಂಡೂ ಹೆಚ್ಚು ತೆತ್ತು ಬಂದವರು ಕಡಿಮೆಯೇನಿಲ್ಲ. ಮಳೆ ಹಿಡಿದು ಗೊಬ್ಬರಕ್ಕೆ ಸಾಲುಗಟ್ಟಿ ನಿಂತ ದಿನಗಳಲ್ಲಿ, ಯೂರಿಯಾ ಬೇಕಾದರೆ ಜೊತೆಗೆ ಇಂಥ ದ್ರವವನ್ನೂ ಇಂಥ ಪುಡಿಯನ್ನೂ ಕೊಳ್ಳಲೇಬೇಕೆಂದು ಕಟ್ಟಿಕೊಡುವ ವಾಡಿಕೆಗೆ ನಮ್ಮ ಪೇಟೆಗಳಲ್ಲಿ ‘ಲಿಂಕ್’ ಎಂದು ಹೆಸರು. ಒಂದು ವಸ್ತುವಿಗೆ ಬೇಡದ ಮತ್ತೊಂದನ್ನು ಗಂಟುಹಾಕಿ ಮಾರುವುದು ನಿರ್ಬಂಧಕ ವ್ಯಾಪಾರ ಪದ್ಧತಿಯೆಂದು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ಸ್ಪಷ್ಟವಾಗಿ ಹೆಸರಿಸಿದೆ. ನ್ಯಾಯವಾಗಿ ಹೇಳಬೇಕೆಂದರೆ ಈ ಪಾಪವು ಚಿಲ್ಲರೆ ಅಂಗಡಿಯಲ್ಲಿ ಹುಟ್ಟುವುದಲ್ಲ. ಅವನಿಗೆ ಮೇಲಿನಿಂದಲೇ ಗಂಟುಹಾಕಿ ಕಳುಹಿಸಿರುತ್ತಾರೆ, ಅವನು ಅದನ್ನು ಕೆಳಗೆ ದಾಟಿಸುತ್ತಾನೆ. ಆದರೆ ಭಾರವು ಕೊನೆಗೆ ಬಂದು ನಿಲ್ಲುವುದು ಎತ್ತಿನ ಗಾಡಿಯವನ ಮೇಲೆ. ಇಂಥ ‘ಟಾನಿಕ್’ಗಳು ಬಹುಕಾಲ ಗೊಬ್ಬರವೂ ಅಲ್ಲದೆ ಕೀಟನಾಶಕವೂ ಅಲ್ಲದೆ ಯಾವ ಕಾಯಿದೆಯ ಕಣ್ಣಿಗೂ ಬೀಳದೆ ಮಾರಾಟವಾದವು, 2021ರಲ್ಲಿ ಜೈವಿಕ ಉತ್ತೇಜಕಗಳೆಂಬ ಹೆಸರಿನಿಂದ ಅವನ್ನು ರಸಗೊಬ್ಬರ ಆಜ್ಞೆಯ ವ್ಯಾಪ್ತಿಗೆ ತಂದ ಮೇಲೆ, ಗುಣವನ್ನು ರುಜುವಾತುಪಡಿಸುವ ಹೊರೆ ತಯಾರಕರ ಮೇಲೆ ಬಿತ್ತು.

ರೈತನು ಬೆಳೆದು ಮಾರುವವನಾದ್ದರಿಂದ ಅವನು ವ್ಯಾಪಾರಿ, ಗ್ರಾಹಕನಲ್ಲ ಎಂಬ ವಾದವನ್ನು ಬೀಜದ ಕಂಪನಿಗಳು ದಶಕಗಳ ಕಾಲ ಹೂಡಿದವು. ರಾಷ್ಟ್ರೀಯ ಬೀಜ ನಿಗಮ ಮತ್ತು ಮಧುಸೂದನ ರೆಡ್ಡಿ ಎಂಬವರ ನಡುವಣ ಮೊಕದ್ದಮೆಯಲ್ಲಿ, 2012ರ ಜನವರಿಯಲ್ಲಿ, ಸರ್ವೋಚ್ಚ ನ್ಯಾಯಾಲಯವು ಈ ವಾದಕ್ಕೆ ತೆರೆ ಎಳೆಯಿತು. ನೆರೆಯ ಆಂಧ್ರಪ್ರದೇಶದ ರೈತರು ತಮಗೆ ಕೊಟ್ಟ ಬೀಜ ಕಳಪೆಯೆಂದು ದೂರಿದಾಗ, ಬೀಜವನ್ನು ಪ್ರಯೋಗಾಲಯಕ್ಕೆ ಕಳುಹಿಸದೆ ಪರಿಹಾರ ಕೊಡುವುದು ಸಲ್ಲದೆಂದು ಬೀಜ ನಿಗಮವು ತಕರಾರು ತೆಗೆಯಿತು. ಬಿತ್ತುವುದಕ್ಕೆಂದು ಕೊಂಡ ಬೀಜವನ್ನೆಲ್ಲ ರೈತನು ಬಿತ್ತಿಬಿಟ್ಟಿರುತ್ತಾನೆ, ಮುಂದೊಂದು ದಿನ ವ್ಯಾಜ್ಯ ಹೂಡಬೇಕಾದೀತೆಂದು ಎಣಿಸಿ ಒಂದು ಮುಷ್ಟಿಯನ್ನು ಕಟ್ಟಿಡುವನೆಂದು ನಿರೀಕ್ಷಿಸಲಾಗದು ಎಂಬುದು ನ್ಯಾಯಾಲಯದ ಉತ್ತರದ ತಾತ್ಪರ್ಯ. ಬೀಜ ಅಧಿನಿಯಮವು ತಪ್ಪಿತಸ್ಥನಿಗೆ ದಂಡ ವಿಧಿಸುತ್ತದೆಯೇ ಹೊರತು ಬೆಳೆ ಕಳೆದುಕೊಂಡವನಿಗೆ ಒಂದು ಕಾಸನ್ನೂ ಕೊಡಿಸುವುದಿಲ್ಲವಾದ್ದರಿಂದ, ಗ್ರಾಹಕ ಕಾಯಿದೆಯ ಬಾಗಿಲು ಅವನಿಗೆ ತೆರೆದಿರಲೇಬೇಕೆಂದೂ ನ್ಯಾಯಮೂರ್ತಿಗಳು ಹೇಳಿದರು. ಎದುರು ಪಕ್ಷದಲ್ಲಿದ್ದುದು ಕೇಂದ್ರ ಸರ್ಕಾರದ್ದೇ ಆದ ಸಂಸ್ಥೆಯೆಂಬುದನ್ನು ನೆನೆದರೆ ಈ ತೀರ್ಪಿನ ತೂಕ ಇನ್ನಷ್ಟು ಹೆಚ್ಚುತ್ತದೆ.

ಜಾಹೀರಾತಿನ ವಿಷಯಕ್ಕೆ ಬರೋಣ. ಸಕ್ಕರೆ ಕಾಯಿಲೆಯನ್ನು ಬುಡಸಮೇತ ಕಿತ್ತೆಸೆಯುತ್ತೇವೆಂದು ಸಂತೆಗಳಲ್ಲಿ, ಜಾತ್ರೆಗಳಲ್ಲಿ, ಗಾಣಗಾಪುರದ ಹುಣ್ಣಿಮೆಗೂ ಘತ್ತರಗಿಯ ಭಾಗ್ಯವಂತಿಯ ದರ್ಶನಕ್ಕೂ ಸೇರುವ ಜನಸಂದಣಿಯ ನಡುವೆ ಧ್ವನಿವರ್ಧಕದಲ್ಲಿ ಕೂಗುವವರುಂಟು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳ ಅಧಿನಿಯಮವು ಹೆಸರಿಸಿದ ರೋಗಗಳ ಪಟ್ಟಿಯಲ್ಲಿ ಮಧುಮೇಹವೂ ಸೇರಿದ್ದು, ಅದನ್ನು ಗುಣಪಡಿಸುವೆನೆಂದು ಜಾಹೀರು ಮಾಡುವುದೇ ಅಪರಾಧವಾಗಿದೆ. ಔಷಧವು ಫಲಕೊಟ್ಟಿತೋ ಇಲ್ಲವೋ ಎಂಬ ಪ್ರಶ್ನೆಯೇ ಏಳುವುದಿಲ್ಲ. 2019ರ ಅಧಿನಿಯಮವು ಇನ್ನೂ ಮುಂದೆ ಹೋಗಿ, ಸುಳ್ಳು ಹೇಳಿದ್ದನ್ನಷ್ಟೇ ಅಲ್ಲದೆ ಮುಖ್ಯವಾದ ಸಂಗತಿಯನ್ನು ಬುದ್ಧಿಪೂರ್ವಕವಾಗಿ ಮುಚ್ಚಿಟ್ಟುದನ್ನೂ ದಾರಿತಪ್ಪಿಸುವ ಜಾಹೀರಾತೆಂದು ಪರಿಗಣಿಸುತ್ತದೆ. ಆ ಅಧಿನಿಯಮದ ಮೇರೆಗೆ 2020ರಲ್ಲಿ ಸ್ಥಾಪಿತವಾದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಇಂಥ ಜಾಹೀರಾತಿಗೆ ಮೊದಲ ಸಲ ಹತ್ತು ಲಕ್ಷ ರೂಪಾಯಿಯವರೆಗೆ, ಮತ್ತೆ ಮಾಡಿದರೆ ಐವತ್ತು ಲಕ್ಷದವರೆಗೆ ದಂಡ ಹಾಕಬಲ್ಲದು. ಹಣ ಪಡೆದು ಹೊಗಳುವ ನಟನಟಿಯರನ್ನೂ ಆಟಗಾರರನ್ನೂ ಒಂದು ವರ್ಷ, ಮತ್ತೆ ತಪ್ಪಿದರೆ ಮೂರು ವರ್ಷ, ಯಾವ ಸರಕನ್ನೂ ಹೊಗಳದಂತೆ ತಡೆಯಬಲ್ಲದು. ತಾನು ಹೊಗಳುವ ವಸ್ತುವಿನ ಬಗ್ಗೆ ತಕ್ಕಮಟ್ಟಿಗೆ ವಿಚಾರಿಸಿ ತಿಳಿದುಕೊಂಡಿದ್ದವನಿಗೆ ಮಾತ್ರ ವಿನಾಯಿತಿ.

2022ರ ಜೂನಿನಲ್ಲಿ ಈ ಪ್ರಾಧಿಕಾರವು ಹೊರಡಿಸಿದ ಮಾರ್ಗಸೂಚಿಗಳಲ್ಲಿ ನನಗೆ ಬಹಳ ಹಿಡಿಸಿದ ಅಂಶವೆಂದರೆ, ಹೊಗಳಿಕೆಯು ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿ, ಅದೇ ಅಚ್ಚಿನ ಮೊಳೆಯಲ್ಲಿ, ಕಾಣುವ ಜಾಗದಲ್ಲಿರಬೇಕೆಂಬುದು. ಕನ್ನಡದಲ್ಲಿ ಆಸೆ ಹುಟ್ಟಿಸಿ ಇಂಗ್ಲಿಷಿನಲ್ಲಿ ಕೈತೊಳೆದುಕೊಳ್ಳುವುದು ಇನ್ನು ಸಲ್ಲದು. ಬಾನುಲಿಯವರಾದ ನಾವೂ ಈ ವಿಷಯದಲ್ಲಿ ಬೇರೆಯವರತ್ತ ಬೆರಳು ತೋರಿಸುವ ಮುನ್ನ ಒಂದು ಕ್ಷಣ ನಿಲ್ಲಬೇಕು. 1967ರ ನವೆಂಬರಿನಲ್ಲಿ ವಿವಿಧಭಾರತಿಯು ಜಾಹೀರಾತುಗಳಿಗೆ ಬಾಗಿಲು ತೆರೆದಂದಿನಿಂದ ಆಕಾಶವಾಣಿಗೆ ಜಾಹೀರಾತಿನ ಸಂಹಿತೆಯೆಂಬುದು ಇದ್ದೇ ಇದೆ. ಆದರೂ ಬಾನುಲಿಯ ಜಾಹೀರಾತುಗಳ ತುದಿಯಲ್ಲಿ ಷರತ್ತುಗಳನ್ನು ಉಸಿರು ಬಿಗಿಹಿಡಿದು ಉರುಳಿಸಿಬಿಡುವ ಆ ವೇಗವನ್ನು ಕೇಳಿದರೆ, ಹೇಳಬಾರದೆಂದೇ ಹೇಳುತ್ತಿರುವರೇನೋ ಎಂಬ ಶಂಕೆ ಯಾರಿಗಾದರೂ ಬಾರದಿರದು. ಜಾಹೀರಾತುದಾರರು ತಾವೇ 1985ರಲ್ಲಿ ಮುಂಬಯಿಯಲ್ಲಿ ಕಟ್ಟಿಕೊಂಡ ಜಾಹೀರಾತು ಮಾನದಂಡ ಮಂಡಳಿಯು ಸತ್ಯ, ಸಭ್ಯತೆ, ನಿರಪಾಯ, ನ್ಯಾಯವಾದ ಸ್ಪರ್ಧೆ ಎಂಬ ನಾಲ್ಕು ತತ್ತ್ವಗಳನ್ನು ಮುಂದಿಟ್ಟಿದೆ. ಸ್ವಯಂನಿಯಂತ್ರಣವು ಒಳ್ಳೆಯದೇ, ಆದರೆ ಬೇಲಿಯನ್ನು ಮೇಯುವವರೇ ಹಾಕಿಕೊಂಡದ್ದೆಂಬುದನ್ನು ನೆನಪಿನಲ್ಲಿಟ್ಟುಕೊಂಡೇ ಅದನ್ನು ಹೊಗಳಬೇಕು. ಕೈಯಲ್ಲಿನ ಫೋನಿನಲ್ಲಿ ‘ಇನ್ನು ಎರಡೇ ಉಳಿದಿವೆ, ಬೇಗ ಕೊಳ್ಳಿರಿ’ ಎಂದು ಸುಳ್ಳು ಅವಸರವನ್ನು ಹುಟ್ಟಿಸುವುದು, ಕೇಳದ ವಸ್ತುವನ್ನು ಬುಟ್ಟಿಯೊಳಗೆ ನುಸುಳಿಸುವುದು ಮೊದಲಾದ ಹದಿಮೂರು ಬಗೆಯ ಕುಟಿಲತೆಗಳನ್ನು ಕೇಂದ್ರ ಪ್ರಾಧಿಕಾರದ 2023ರ ನವೆಂಬರಿನ ಮಾರ್ಗಸೂಚಿಗಳು ನಿಷೇಧಿಸಿವೆ ಎಂಬುದನ್ನು ಇಲ್ಲಿಯೇ ಸೂಚಿಸಿ ಮುಂದುವರಿಯುತ್ತೇನೆ.

ನಾವು ಕೊಳ್ಳುವವರು ಮಾತ್ರವೇ? ಅಲ್ಲ. 2019ರಲ್ಲಿ ಗುಲ್ಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಸೂಚಿಯ ಮನ್ನಣೆ ದೊರೆತ ಮೇಲೆ, ಈ ಸುಣ್ಣಗಲ್ಲಿನ ಎರೆಮಣ್ಣಿನ ಹೆಸರೇ ಒಂದು ಸರಕಾಗಿದೆ. ಹೊರಗಿನಿಂದ ಬಂದ ಬೇಳೆಯನ್ನು ಈ ಹೆಸರಿನ ಚೀಲದಲ್ಲಿ ತುಂಬುವುದೂ, ತೊಗರಿ ಬೇಳೆಯನ್ನು ಹೋಲುವ ಕೇಸರಿ ಬೇಳೆಯನ್ನು ಬೆರೆಸುವುದೂ, ಮೆಟಾನಿಲ್ ಹಳದಿಯೆಂಬ ನಿಷಿದ್ಧ ಬಣ್ಣವನ್ನು ಲೇಪಿಸಿ ಹೊಳಪು ತರುವುದೂ ನಾವು ಅಂಗಡಿಕಾರನ ಮೇಲೆ ಹೊರಿಸಿದ ದೋಷದ ಇನ್ನೊಂದು ಮುಖ. ಬಹುಕಾಲ ತಿಂದವರ ಕಾಲುಗಳ ಬಲವನ್ನೇ ಉಡುಗಿಸಿದ ಕೇಸರಿ ಬೇಳೆಯ ಮಾರಾಟವನ್ನು 1961ರಲ್ಲಿಯೇ ನಿಷೇಧಿಸಿದ್ದರೂ ಬೆರಕೆಯ ಭಯವು ತೀರಿಲ್ಲ. ಬೆಂಗಳೂರಿನ ಗೃಹಿಣಿಯು ನಮ್ಮ ಹೆಸರನ್ನು ನಂಬಿ ಹೆಚ್ಚು ಬೆಲೆ ತೆರುವಾಗ, ಅವಳೂ ಕಿಣ್ಣಿ ಸುಲ್ತಾನದ ರೈತನಂತೆಯೇ ಮಾತನ್ನು ಕೊಳ್ಳುತ್ತಿರುವಳು.

ಕಾಯಿದೆಯು ಮುಟ್ಟಲಾರದ ಒಂದು ಎಡೆಯಿದೆ. ‘ಈಗ ಬ್ಯಾಡ ಕಾಕಾ, ಕೀಡಿ ಇನ್ನಾ ಕಡಿಮಿ ಅದಾವ, ಎಂಟು ದಿನ ತಡೀರಿ’ ಎಂದು ಹೇಳಿ ಬಂದ ಗಿರಾಕಿಯನ್ನು ಬರಿಗೈಯಲ್ಲಿ ಕಳುಹಿಸುವ ಅಂಗಡಿಕಾರನೂ ನಮ್ಮ ಪೇಟೆಗಳಲ್ಲಿ ಉಂಟು. ಹಾಗೆ ಹೇಳೆಂದು ಯಾವ ಪ್ರಕರಣವೂ ಅವನನ್ನು ಬಲಾತ್ಕರಿಸಲಾರದು. ಕೀಟನಾಶಕ ಮಾರುವವನಿಗೆ ಆ ವಿಷಯದ ವಿದ್ಯಾರ್ಹತೆಯಿರಬೇಕೆಂಬ ನಿಯಮವು ಬಂದಿದೆ, ಹಳೆಯ ಅಂಗಡಿಕಾರರಿಗಾಗಿ ‘ದೇಸಿ’ ಎಂಬ ಡಿಪ್ಲೊಮಾ ತರಗತಿಗಳೂ ನಡೆಯುತ್ತಿವೆ. ಬಲ್ಲವನು ಬೇಡವೆನ್ನುವ ಸಂಭವ ಅಷ್ಟರಮಟ್ಟಿಗೆ ಹೆಚ್ಚು. ಕಲಬುರಗಿಯಲ್ಲಿ ಆಳಂದ ರಸ್ತೆಯ ಮೇಲೆಯೇ ಕೃಷಿ ಸಂಶೋಧನಾ ಕೇಂದ್ರವೂ ಕೃಷಿ ವಿಜ್ಞಾನ ಕೇಂದ್ರವೂ ಇವೆ; ಹೋಬಳಿಗೊಂದು ರೈತ ಸಂಪರ್ಕ ಕೇಂದ್ರವಿದೆ. ಮಾರುವ ಹಂಬಲವಿಲ್ಲದವನಿಂದ ಸಲಹೆಯನ್ನು ಪಡೆದು, ಆಮೇಲೆ ಅಂಗಡಿಗೆ ಹೋಗುವುದು ಲೇಸೆಂಬುದು ನನ್ನ ದೃಢವಾದ ಮತ. ಉದ್ರಿಯ ಕಟ್ಟು ಬಿಚ್ಚದ ಹೊರತು ಈ ಸಲಹೆ ಪೂರ್ತಿ ಫಲಿಸದೆಂಬುದನ್ನೂ ಬಲ್ಲೆನು. ಸಕಾಲದಲ್ಲಿ ಸಹಕಾರಿ ಸಂಘದ ಬೆಳೆಸಾಲವು ಕೈಗೆ ಬಂದರೆ ಗ್ರಾಹಕ ಕಾಯಿದೆಯ ಅರ್ಧ ಕೆಲಸವು ತಾನಾಗಿಯೇ ಆದೀತು.

ಕೊನೆಯದಾಗಿ ತಾವು ಮಾಡತಕ್ಕ ಕೆಲಸ. ಬಿಲ್ಲು ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿಯೆಂದು 2019ರ ಅಧಿನಿಯಮವು ಹೇಳುತ್ತದೆ. ದೋಷವುಳ್ಳ ಸರಕನ್ನು ಬಿಲ್ಲಿನಲ್ಲಿ ಗೊತ್ತುಮಾಡಿದ ಅವಧಿಯೊಳಗೆ, ಅವಧಿಯನ್ನು ಹೇಳದಿದ್ದರೆ ಮೂವತ್ತು ದಿನಗಳೊಳಗೆ, ಹಿಂದಕ್ಕೆ ಪಡೆಯಲೊಪ್ಪದಿರುವುದೂ ಹಾಗೆಯೇ. ‘ಒಮ್ಮೆ ಮಾರಿದ ಮಾಲನ್ನು ವಾಪಸು ತೆಗೆದುಕೊಳ್ಳುವುದಿಲ್ಲ’ ಎಂಬ ಫಲಕವು ದೋಷವಿದ್ದಾಗ ಅಂಗಡಿಕಾರನನ್ನು ರಕ್ಷಿಸಲಾರದು. ಪಕ್ಕಾ ಬಿಲ್ಲನ್ನು ಕೇಳಿ ಪಡೆಯಿರಿ. ಅದರಲ್ಲಿ ತಳಿಯ ಹೆಸರನ್ನೂ ಲಾಟಿನ ಸಂಖ್ಯೆಯನ್ನೂ ಬರೆಯಿಸಿರಿ. ಚೀಲವನ್ನೂ ಚೀಟಿಯನ್ನೂ ರಾಶಿಯಾಗುವವರೆಗೆ ಮಾಡದಲ್ಲಿ ಕಾದಿರಿಸಿರಿ. ಬೆಳೆ ಕೆಟ್ಟುದು ಕಂಡೊಡನೆ, ಹೊಲವನ್ನು ಹರಗುವ ಮುನ್ನವೇ, ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರಿಗೆ ಲಿಖಿತ ಅರ್ಜಿ ಕೊಟ್ಟು ಸ್ಥಳ ಪರಿಶೀಲನೆಯ ವರದಿಯನ್ನು ಮಾಡಿಸಿಕೊಳ್ಳಿರಿ. 1915 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಮೊದಲು ತಿಳಿಸಬಹುದು. ಅಲ್ಲಿ ಬಗೆಹರಿಯದಿದ್ದರೆ, ಕಂಪನಿಯು ಹೈದರಾಬಾದಿನಲ್ಲಿರಲಿ ದಿಲ್ಲಿಯಲ್ಲಿರಲಿ, ತಾವು ವಾಸವಾಗಿರುವ ಕಲಬುರಗಿ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಸಲ್ಲಿಸಲು ಹೊಸ ಕಾಯಿದೆಯು ಅವಕಾಶ ಕೊಟ್ಟಿದೆ. ತೆತ್ತ ಬೆಲೆಯು ಐದು ಲಕ್ಷ ರೂಪಾಯಿಯನ್ನು ಮೀರದಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂಬ ಕಟ್ಟಳೆಯೂ ಇಲ್ಲ. ಪರೀಕ್ಷೆ ಬೇಕಿಲ್ಲದ ದೂರನ್ನು ಮೂರು ತಿಂಗಳಲ್ಲಿ, ಬೇಕಾದುದನ್ನು ಐದು ತಿಂಗಳಲ್ಲಿ ತೀರ್ಮಾನಿಸಬೇಕೆಂದು ಕಾಯಿದೆಯು ಬರೆದಿದ್ದರೂ, ಅದಕ್ಕಿಂತ ಹೆಚ್ಚು ಕಾಲ ಹಿಡಿಯುವುದೆಂದು ತಿಳಿದೇ ಹೊರಡುವುದು ಒಳ್ಳೆಯದು. ದೂರು ಕೊಡಲು ಇರುವ ಅವಧಿಯು ಹಾನಿಯಾದ ದಿನದಿಂದ ಎರಡು ವರ್ಷ.